ಬಡಾವಣೆಯ ಮನೆಯೂ ಬೀದಿಯ ವ್ಯಾಪಾರವೂ

ಬೆಂಗಳೂರಿನ ಜಯನಗರಕ್ಕೆ 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟಾಗ ಅದು ಊರ ಹೊರಗಿನ ಬಯಲು. 1945ರಲ್ಲಿ ರಚಿತವಾಗಿದ್ದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯು ಅಲ್ಲಿ ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆ ಹಾಗೂ ಉದ್ಯಾನಗಳನ್ನು ಗೆರೆ ಎಳೆದಂತೆ ವಿಂಗಡಿಸಿತು. ಮುಂದೆ ನಾಲ್ಕನೆಯ ಬ್ಲಾಕಿನಲ್ಲಿ ವಾಣಿಜ್ಯ ಸಂಕೀರ್ಣವೂ ತಲೆಯೆತ್ತಿತು. ವ್ಯಾಪಾರಕ್ಕೆ ಅದರದೇ ಸ್ಥಳ, ವಾಸಕ್ಕೆ ಅದರದೇ ಬೀದಿ ಎಂಬುದು ಇಂತಹ ಬಡಾವಣೆಗಳ ಹಿಂದಿದ್ದ ಎಣಿಕೆ.

ನಲವತ್ತು–ಅರವತ್ತರ ನಿವೇಶನವೆಂದರೆ 2,400 ಚದರ ಅಡಿ. ಮುಂದೆ ಸಂಪಿಗೆ ಮರ, ಹಿತ್ತಲಿನಲ್ಲಿ ತೆಂಗು, ತುಳಸಿಕಟ್ಟೆ, ಮೇಲೆ ಹಪ್ಪಳ ಒಣಗಿಸುವ ತಾರಸಿ. ಸಾಲ ಮಾಡಿ ಕಟ್ಟಿಸಿದ ಇಂತಹ ಮನೆಗೆ ಇಂದು ಇಬ್ಬರೋ ಮೂವರೋ ವಾರಸುದಾರರು. ಮಕ್ಕಳು ದೂರದಲ್ಲಿರುವಾಗ, ನೆಲಮಹಡಿಯನ್ನು ಸಂಸಾರಕ್ಕೆ ಕೊಟ್ಟರೆ ಬರುವ ಬಾಡಿಗೆಗಿಂತ ಅಂಗಡಿಗೆ ಕೊಟ್ಟರೆ ಬರುವುದು ಬಹಳ ಹೆಚ್ಚೆಂದು ತಿಳಿದ ವೃದ್ಧ ದಂಪತಿಗಳನ್ನು ದೂಷಿಸುವುದು ನ್ಯಾಯವಲ್ಲ.

2007ರಲ್ಲಿ ಅನುಮೋದನೆಗೊಂಡ, 2015ನೇ ಇಸವಿಗೆ ಗುರಿಯಿಟ್ಟ ಪರಿಷ್ಕೃತ ಮಹಾಯೋಜನೆಯು ವಸತಿ ಪ್ರದೇಶಗಳಲ್ಲಿ ಮಿಶ್ರ ಬಳಕೆಗೆ ಬಾಗಿಲು ತೆರೆಯಿತು. ನಿವಾಸಿ ಸಂಘಗಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕವು. 40 ಅಡಿಗಿಂತ ಕಿರಿದಾದ ವಸತಿ ರಸ್ತೆಗಳಲ್ಲಿ ವ್ಯಾಪಾರಕ್ಕೆ ನಿರ್ಬಂಧ ಬಂದಿತು. ನಂತರದ 2031ರ ಕರಡು ಯೋಜನೆಯನ್ನು ಸರ್ಕಾರವು 2020ರಲ್ಲಿ ಹಿಂಪಡೆದುದರಿಂದ ಹಳೆಯ ಯೋಜನೆಯೇ ಅವಧಿ ಮೀರಿ ಎಳೆದುಕೊಂಡು ಬಂದಿದೆ.

ಈ ಜಗ್ಗಾಟದಲ್ಲಿ ಸಿಕ್ಕಿಬಿದ್ದವನು ಸಣ್ಣ ವರ್ತಕ. ವಾಣಿಜ್ಯ ದರದಲ್ಲಿ ಆಸ್ತಿ ತೆರಿಗೆ, ವಾಣಿಜ್ಯ ದರದಲ್ಲಿ ವಿದ್ಯುತ್ ಶುಲ್ಕ ಸಂದಾಯವಾಗುತ್ತಲೇ ಇರುತ್ತದೆ. ಉದ್ದಿಮೆ ಪರವಾನಗಿ ಮಾತ್ರ ದೊರೆಯದು. ತೆರಿಗೆ ಕಟ್ಟಿದ ಮಾತ್ರಕ್ಕೆ ಬಳಕೆ ಸಕ್ರಮವಾಗುವುದಿಲ್ಲವೆಂಬುದು ನೋಟಿಸು ಕೈಸೇರಿದ ದಿನವೇ ಅನೇಕರಿಗೆ ತಿಳಿಯುತ್ತದೆ.

ಹಾಗೆಂದು ನಿವಾಸಿಗಳ ದೂರನ್ನು ವ್ಯಾಪಾರ ವಿರೋಧವೆಂದು ತಳ್ಳಿಹಾಕುವಂತಿಲ್ಲ. 30 ಅಡಿಯ ರಸ್ತೆಯ ಎರಡೂ ಬದಿಗೆ ಕಾರು ನಿಂತರೆ ಹನ್ನೆರಡು ಅಡಿ ಹೋಯಿತು. ಚರಂಡಿ, ಕಾಲುದಾರಿ ಕಳೆದು ಉಳಿದುದರಲ್ಲಿ ಅಗ್ನಿಶಾಮಕ ವಾಹನ ನುಗ್ಗಬೇಕು. ಒಂದು ಸಂಸಾರಕ್ಕೆಂದು ಹೂಳಿದ ಒಳಚರಂಡಿ ಕೊಳವೆಗೆ ಹೋಟೆಲಿನ ಜಿಡ್ಡು ನೀರು ಹರಿದರೆ ಅದು ಉಕ್ಕುವುದು ಪಕ್ಕದ ಮನೆಯ ಅಂಗಳದಲ್ಲಿ. ಜನರೇಟರಿನ ಸದ್ದು ಕಾಂಪೌಂಡು ಗೋಡೆಯನ್ನು ಲೆಕ್ಕಿಸದು.

ಆದ್ದರಿಂದ ಅಂಗಡಿ ಇರಬೇಕೆ, ಬೇಡವೆ ಎಂಬ ಪ್ರಶ್ನೆಯೇ ತಪ್ಪು. ಬಟ್ಟೆ ಹೊಲಿಯುವವರು, ಮನೆಪಾಠ ಹೇಳುವವರು, ಚಕ್ಕುಲಿ–ಕೋಡುಬಳೆ ಮಾರುವವರು, ಒಂದು ಕೋಣೆಯಲ್ಲಿ ರೋಗಿಗಳನ್ನು ನೋಡುವ ವೈದ್ಯರು ಬೀದಿಗೆ ಭಾರವಲ್ಲ. ಬಡಾವಣೆಗೆ ಅವರು ಬೇಕು. ಮಧ್ಯರಾತ್ರಿಯವರೆಗೆ ನಡೆಯುವ ಮದ್ಯದಂಗಡಿಯನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮವು ಇಬ್ಬರಿಗೂ ಕಳ್ಳದಾರಿಯನ್ನೇ ತೋರಿಸುತ್ತದೆ. ರಸ್ತೆಯ ಅಗಲದೊಂದಿಗೆ ವಾಹನ ನಿಲುಗಡೆ, ನೀರಿನ ಬಳಕೆ, ಸದ್ದು, ಮುಚ್ಚುವ ವೇಳೆ ಇವೂ ಅಳತೆಗೋಲಾಗಬೇಕು.

2025ರಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಮಹಾಯೋಜನೆಯ ಕರಡು ಹೊರಬೀಳುವ ಮುನ್ನವೇ ವರ್ತಕರ ಸಂಘಗಳು ನಿವಾಸಿ ಸಂಘಗಳೊಡನೆ ಕುಳಿತು, ಯಾವ ಅಡ್ಡರಸ್ತೆಯಲ್ಲಿ ಯಾವ ವೃತ್ತಿ ಸಲ್ಲುತ್ತದೆಂಬ ಪಟ್ಟಿಯನ್ನು ಬೀದಿವಾರು ಸಿದ್ಧಪಡಿಸುವುದು ಸೂಕ್ತ. ಪಟ್ಟಿಯಲ್ಲಿ ಸಲ್ಲದವರಿಗೆ ಮುಖ್ಯರಸ್ತೆಯ ಮಳಿಗೆಗೆ ತೆರಳಲು ಎರಡು ವರ್ಷಗಳ ಕಾಲಾವಕಾಶವನ್ನಾದರೂ ಕೇಳಬೇಕು.