ಬೀಳುವ ಇಎಲ್‌ಸಿಬಿಯನ್ನು ಬಿಚ್ಚಿಹಾಕಬೇಡಿ



ಸೋಲಾರ್ ಇನ್ವರ್ಟರ್ ಹಾಕಿಸಿದ ಮೇಲೆ ಮನೆಯ ಇಎಲ್‌ಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸಾಧನ) ಪದೇ ಪದೇ ಬೀಳುತ್ತಿದೆ ಎಂದು ದೂರಿದರೆ ನಮ್ಮ ಕಡೆ ಸಿಗುವ ರಿಪೇರಿ ಬಹುತೇಕ ಒಂದೇ: ಅದನ್ನು ಬೈಪಾಸ್ ಮಾಡಿ ಲೈನು ನೇರ ಕೊಡುವುದು. ದೀಪ ಉರಿಯುತ್ತದೆ, ಮನೆಯವರಿಗೂ ಸಮಾಧಾನ. ತುಮಕೂರಿನ ಬಡಾವಣೆಗಳಲ್ಲೂ ಗುಬ್ಬಿ, ಕುಣಿಗಲ್ ತಾಲ್ಲೂಕಿನ ತೋಟದ ಮನೆಗಳಲ್ಲೂ ವೈರಿಂಗ್ ಕೆಲಸ ಮಾಡುವ ನನಗೆ ಇಂಥ ಬೋರ್ಡುಗಳು ಕಣ್ಣಿಗೆ ಬೀಳುತ್ತಲೇ ಇವೆ. ಶಾಕ್‌ನಿಂದ ಪ್ರಾಣ ಕಾಯುವ ಸಾಧನವನ್ನು ಕಿತ್ತಿಟ್ಟು ಹೋಗುವುದು ರಿಪೇರಿಯಲ್ಲ. ಇದನ್ನು ಕೇಳುವವರು ಯಾರೂ ಇಲ್ಲ ಎಂಬುದೇ ನನ್ನ ತಕರಾರು.

ತೋಟದ ಮನೆಗಳಿಗೆ ಸೋಲಾರ್ ಬಂದದ್ದು ಶೋಕಿಗಲ್ಲ. ರಾಜ್ಯದ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಆದಾಗ ಊರೊಳಗಿನವರಿಗೆ ಅನುಕೂಲವಾಯಿತು. ತೆಂಗು, ಅಡಿಕೆ ತೋಟದಲ್ಲೇ ಮನೆ ಕಟ್ಟಿಕೊಂಡ ಎಷ್ಟೋ ಕುಟುಂಬಗಳು ಸೀಮಿತ ಹೊತ್ತು ಮಾತ್ರ ಕರೆಂಟಿರುವ ಪಂಪ್‌ಸೆಟ್ ಲೈನಿನಲ್ಲೇ ಉಳಿದವು. 2024ರ ಪಿಎಂ ಸೂರ್ಯ ಘರ್ ಯೋಜನೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ, ನಿಜ. ಆದರೆ ಅದು ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆಗೆ. ಲೈನು ಹೋದರೆ ಅಂಥ ಇನ್ವರ್ಟರ್ ತಾನೂ ನಿಂತುಬಿಡುತ್ತದೆ. ಕರೆಂಟಿಲ್ಲದ ಹೊತ್ತಿಗೆ ಬೆಳಕು ಬೇಕಾದವರು ಬ್ಯಾಟರಿಯ ಆಫ್ ಗ್ರಿಡ್ ಇನ್ವರ್ಟರ್‌ಗೇ ಕೈಹಾಕುತ್ತಾರೆ. ಗ್ರಿಡ್ ಸೋಲಾರ್‌ಗೆ ಬೆಸ್ಕಾಂ ಬಂದು ಪರಿಶೀಲಿಸಿ ಮೀಟರ್ ಕೂರಿಸುತ್ತದೆ. ಆಫ್ ಗ್ರಿಡ್ ಆದರೆ ಅಂಗಡಿಯವರು ತಂದರು, ಕೂರಿಸಿದರು, ಹೋದರು, ಅಲ್ಲಿಗೆ ಮುಗಿಯಿತು.

ಇಎಲ್‌ಸಿಬಿ ಸುಮ್ಮಸುಮ್ಮನೆ ಬೀಳುವುದಿಲ್ಲ. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಅದು ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವ ಸಾಧನದಲ್ಲಿ ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟಿದರೆ ಅರೆ ಸೆಕೆಂಡೂ ಕಾಯದೆ ಕಡಿಯುತ್ತದೆ. ಸೋಲಾರ್ ಬಂದ ಮೇಲೆ ಈ ತೊಂದರೆ ಏಕೆ? ಹಳೆಯ ವೈರಿಂಗ್‌ನಲ್ಲಿ ಇನ್ವರ್ಟರ್‌ಗೆಂದು ಫೇಸ್ ಮಾತ್ರ ಬೇರೆ ಎಳೆದು ನ್ಯೂಟ್ರಲ್‌ಗಳನ್ನೆಲ್ಲ ಒಂದೇ ಕಡೆ ಕಟ್ಟಿರುತ್ತಾರೆ. ಇಎಲ್‌ಸಿಬಿ ಮೂಲಕ ಹೋದ ಕರೆಂಟು ಬೇರೆ ದಾರಿಯಲ್ಲಿ ವಾಪಸಾದರೆ ಅದು ಬೀಳಲೇಬೇಕು. ಇನ್ನು ಕೆಲವರು ಇನ್ವರ್ಟರ್ ಕೂರಿಸುವಾಗ ಇಎಲ್‌ಸಿಬಿ ಆದ ಮೇಲೆ ನ್ಯೂಟ್ರಲ್ಲನ್ನೂ ಅರ್ಥ್ ವೈರನ್ನೂ ಕೂಡಿಸಿಬಿಡುತ್ತಾರೆ. ಎಲ್ಲ ಎಂಸಿಬಿ ಇಳಿಸಿದರೂ ಬೀಳುತ್ತದಲ್ಲ ಎಂದು ಮನೆಯವರು ಬೆರಗಾಗುವುದು ಇಂಥ ಕಡೆಯೇ: ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಇರುತ್ತದೆ. ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ, ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದು ನೋಡಿದರೆ ದೋಷ ಸಿಗುತ್ತದೆ. ಅದಕ್ಕೆ ಅರ್ಧ ದಿನದ ಕೂಲಿ ಬೇಕು. ಬೈಪಾಸ್‌ಗೆ ಐದು ನಿಮಿಷ ಸಾಕು. ಮನೆಯ ಯಜಮಾನರು ಎರಡನೆಯದಕ್ಕೆ ಒಪ್ಪುವುದು ಅಪಾಯ ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳದ ಕಾರಣಕ್ಕೆ.

ಬೀಳುವ ಇಎಲ್‌ಸಿಬಿಗಿಂತ ನನಗೆ ಹೆಚ್ಚು ಭಯ ಬೀಳದೇ ಇರುವುದರದ್ದು. ಮೀಟರ್ ಪಕ್ಕದ ಇಎಲ್‌ಸಿಬಿ ಇನ್ವರ್ಟರ್‌ಗಿಂತ ಹಿಂದೆ ಇರುತ್ತದೆ. ಬ್ಯಾಟರಿಯಿಂದ ನಡೆಯುವಾಗ ಇನ್ವರ್ಟರ್ ಕೊಡುವ ಕರೆಂಟಿನ ಮೇಲೆ ಅದರ ಕಾವಲು ಇರುವುದೇ ಇಲ್ಲ. ಇನ್ವರ್ಟರ್ ಔಟ್‌ಪುಟ್‌ಗೆ ಇನ್ನೊಂದು ಇಎಲ್‌ಸಿಬಿ ಹಾಕಿದರೂ, ಬ್ಯಾಟರಿ ಹೊತ್ತಿನಲ್ಲಿ ಇನ್ವರ್ಟರ್‌ನ ನ್ಯೂಟ್ರಲ್‌ಗೆ ಇಎಲ್‌ಸಿಬಿಗಿಂತ ಮೊದಲೇ ಅರ್ಥ್ ಸಂಪರ್ಕ ಇಲ್ಲದಿದ್ದರೆ ಸೋರಿದ ಕರೆಂಟಿಗೆ ಮರಳುವ ದಾರಿ ಇರುವುದಿಲ್ಲ, ಸಾಧನಕ್ಕೆ ದೋಷವೇ ಗೊತ್ತಾಗುವುದಿಲ್ಲ. ಮೊದಲ ಲೀಕೇಜು ಹಾಗೆಯೇ ಅಡಗಿರುತ್ತದೆ. ಎರಡನೆಯದು ಇನ್ನೊಂದು ವೈರಿನಲ್ಲಿ ಬಂದ ದಿನ ಮನುಷ್ಯನೇ ದಾರಿಯಾಗಬಹುದು. ಟೆಸ್ಟ್ ಬಟನ್ ಒತ್ತಿದಾಗ ಬಿತ್ತು, ಹಾಗಾಗಿ ಸರಿಯಿದೆ ಎಂದು ನಂಬಿದವರು ಇದನ್ನು ಗಮನಿಸಬೇಕು: ಆ ಬಟನ್ ಸಾಧನದ ಒಳಗಿನ ರೆಸಿಸ್ಟರ್ ಮೂಲಕವೇ ವ್ಯತ್ಯಾಸ ಹುಟ್ಟಿಸುತ್ತದೆ. ಅದು ಮನೆಯ ಅರ್ಥಿಂಗನ್ನು ಪರೀಕ್ಷಿಸುವುದಿಲ್ಲ. ಮೇನ್ ಇಳಿಸಿ, ಇನ್ವರ್ಟರ್ ಬ್ಯಾಟರಿಯಲ್ಲಿ ಓಡುವಾಗಲೇ ಟೆಸ್ಟರ್ ಉಪಕರಣದಿಂದ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

ಪ್ಯಾನೆಲ್ ಕಡೆಯ ಡಿಸಿ ಲೈನಿಗೆ ಮನೆಯ ಎಸಿ ಎಂಸಿಬಿ ಹಾಕುವ ಚಾಳಿಯೂ ಇದೆ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುವುದರಿಂದ ಕಡಿಯುವಾಗ ಹೊತ್ತುವ ಕಿಡಿ ಆರುತ್ತದೆ. ಡಿಸಿಯಲ್ಲಿ ಆ ಬಿಡುವಿಲ್ಲ. ಎಂಸಿಬಿ ಒಳಗೇ ಉರಿದು ಬೆಂಕಿಯಾಗಬಹುದು.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಸಣ್ಣ ಸಂಪರ್ಕಗಳನ್ನು ಬಿಟ್ಟು ಉಳಿದ ಕಡೆ ಲೀಕೇಜು ರಕ್ಷಣೆಯನ್ನು ಕಡ್ಡಾಯ ಮಾಡಿವೆ, ವೈರಿಂಗನ್ನು ಪರವಾನಗಿ ಇರುವವರೇ ಮಾಡಬೇಕೆಂದೂ ಹೇಳಿವೆ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದ ಜಿಲ್ಲೆ ನಮ್ಮದು. ನಿಯಮವಿದ್ದೂ ಇಲ್ಲಿನ ಮನೆಗಳ ಸೋಲಾರನ್ನು ನೋಡುವವರಿಲ್ಲ ಎಂದರೆ ಒಪ್ಪಲಾಗದು.

ಬೆಸ್ಕಾಂನ ಮೀಟರ್ ಓದುವವರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುತ್ತಾರೆ. ಸೋಲಾರ್ ಇನ್ವರ್ಟರ್ ಇರುವ ಮನೆಯನ್ನು ಅವರು ಗುರುತು ಹಾಕಿಕೊಂಡರೆ ಸೆಕ್ಷನ್ ಕಚೇರಿಗೆ ಪಟ್ಟಿ ಸಿಗುತ್ತದೆ. ಆ ಪಟ್ಟಿ ಹಿಡಿದು ವಿದ್ಯುತ್ ಪರಿವೀಕ್ಷಣಾಲಯ ಪರವಾನಗಿ ಉಳ್ಳವರಿಂದ ಪರೀಕ್ಷೆ ಮಾಡಿಸಿ ವರದಿ ಕೊಡಿಸಲಿ. ಮಾರುವ ಅಂಗಡಿಯವರು ವೈರಿಂಗ್ ನಕ್ಷೆಯನ್ನು ಕನ್ನಡದಲ್ಲಿ ಕೊಡುವುದು ಕಡ್ಡಾಯವಾಗಲಿ. ಈಗಾಗಲೇ ಕೆಲಸದಲ್ಲಿರುವ ವೈರ್‌ಮನ್‌ಗಳಿಗೆ ಐಟಿಐಗಳಲ್ಲಿ ಎರಡು ದಿನದ ತರಬೇತಿ ಇಟ್ಟರೆ ನಮ್ಮಂಥವರು ಕೂಲಿ ಬಿಟ್ಟಾದರೂ ಹೋಗುತ್ತೇವೆ. ಪರೀಕ್ಷೆಗೆ ಶುಲ್ಕ ಇಟ್ಟರೂ ಜನ ಕೊಡುತ್ತಾರೆ. ಆದರೆ ಇದು ಮಳೆಗಾಲಕ್ಕೆ ಮುಂಚೆಯೇ ಶುರುವಾಗಬೇಕು. ಗೋಡೆ ತೇವ ಹಿಡಿದಾಗಲೇ ಲೀಕೇಜು ಹೆಚ್ಚುವುದು.

– ಒಬ್ಬ ವೈರಿಂಗ್ ಗುತ್ತಿಗೆದಾರ, ತುಮಕೂರು