ಮೂಢಪ್ರಶ್ನೆಯೋ, ಮೂಢನಗೆಯೋ?

ವಿಹಾರನೌಕೆಯಲ್ಲಿ ಪಯಣಿಸಿ ಮರಳಿದವರು ನೆಂಟರಿಷ್ಟರ ನಡುವೆ ಕುಳಿತಾಗ ಸಮುದ್ರದ ವರ್ಣನೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಸಹಪ್ರಯಾಣಿಕರ ಅವಿವೇಕದ ವರ್ಣನೆ ಮಾತ್ರ ಊಟ ಮುಗಿದು ಕೈತೊಳೆಯುವವರೆಗೂ ಸಾಗುತ್ತದೆ. “ಕೆಲಸಗಾರರೆಲ್ಲ ರಾತ್ರಿ ಹಡಗಿನಲ್ಲಿಯೇ ಮಲಗುತ್ತಾರೆಯೇ?” ಎಂದು ಒಬ್ಬ ಮಹಿಳೆ ಕೇಳಿದಳಂತೆ. “ಮಧ್ಯರಾತ್ರಿಯ ಬಫೆ ಊಟ ಎಷ್ಟು ಗಂಟೆಗೆ?” ಎಂದು ಮತ್ತೊಬ್ಬ ವಿಚಾರಿಸಿದನಂತೆ. “ಈ ಮೆಟ್ಟಿಲು ಮೇಲಕ್ಕೆ ಹೋಗುತ್ತದೆಯೋ, ಕೆಳಕ್ಕೋ?” ಎಂಬುದು ಇನ್ನೊಬ್ಬನ ಸಂದೇಹ. ಅಲಾಸ್ಕಾದ ಬಂದರಿನಲ್ಲಿ ಹಡಗಿನಿಂದ ಆಗತಾನೆ ಇಳಿದವನು “ಈ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ?” ಎಂದನಂತೆ. ಈಜುಕೊಳದ ನೀರು ಸಮುದ್ರದ್ದೇ ಎಂದು ತಿಳಿದೊಡನೆ “ಅದಕ್ಕೇ ಇದರಲ್ಲಿ ಇಷ್ಟು ಅಲೆಗಳು” ಎಂದು ಒಬ್ಬ ತಲೆದೂಗಿದನಂತೆ. ಊಟದ ಸಾಲಿನಲ್ಲಿ ಅಲಂಕಾರಕ್ಕಿಟ್ಟ ಮಂಜುಗಡ್ಡೆಯ ಶಿಲ್ಪವನ್ನು ನೋಡಿ, “ಕರಗಿದ ಮೇಲೆ ಇದನ್ನು ಏನು ಮಾಡುತ್ತೀರಿ?” ಎಂದವರೂ ಉಂಟಂತೆ.

ಕೇಳಿದವರು ನಗುತ್ತಾರೆ, ಹೇಳಿದವರು ಇನ್ನೊಂದನ್ನು ಸೇರಿಸುತ್ತಾರೆ. ಇಂತಹ ನಗೆಯಿಂದ ಯಾರಿಗೂ ಹಾನಿಯಿಲ್ಲವೆಂಬುದು ಸಾಮಾನ್ಯ ನಂಬಿಕೆ. ಆದರೆ ವಿಚಾರಿಸಿ ನೋಡಿದರೆ ಈ ನಗೆಯಲ್ಲಿ ಅಸತ್ಯವಿದೆ, ಅಜ್ಞಾನವಿದೆ, ಕೆಲವೊಮ್ಮೆ ಪ್ರಾಣಾಪಾಯವೂ ಇದೆ.

ಮೊದಲು ಅಸತ್ಯವನ್ನು ನೋಡಬೇಕು. ಮೇಲಿನ ಮಾತುಗಳು ಯಾವುದೋ ಒಂದು ಹಡಗಿನಲ್ಲಿ ಯಾರೋ ಒಬ್ಬರು ಆಡಿದವಲ್ಲ. ಕೆರಿಬಿಯನ್ ಸಮುದ್ರದಿಂದ ಮರಳಿದವರೂ ಇವನ್ನೇ ಹೇಳುತ್ತಾರೆ, ಅಲಾಸ್ಕಾದಿಂದ ಬಂದವರೂ ಇವನ್ನೇ ಹೇಳುತ್ತಾರೆ, ಮೆಡಿಟರೇನಿಯನ್ ಸುತ್ತಿದವರೂ ಇವನ್ನೇ ಹೇಳುತ್ತಾರೆ. ಅದೇ ಪ್ರಶ್ನೆ, ಬಹುಮಟ್ಟಿಗೆ ಅದೇ ಪದಗಳು. ಹಡಗಿನ ರಂಗಮಂದಿರದಲ್ಲಿ ಮನರಂಜನೆಯ ಮುಖ್ಯಸ್ಥರು ಪ್ರತಿ ಯಾನದಲ್ಲಿಯೂ ಹೇಳುವ ನಗೆಹನಿಗಳಿವು. ಎಂದೋ ಯಾರೋ ಕೇಳಿರಲೂಬಹುದು, ಯಾರೋ ಕಟ್ಟಿರಲೂಬಹುದು. ಹೀಗಿರುವಾಗ “ಕಿವಿಯಾರೆ ಕೇಳಿದೆ, ಪಕ್ಕದ ಮೇಜಿನಲ್ಲೇ ಕುಳಿತಿದ್ದ” ಎಂದು ಸಾಕ್ಷ್ಯ ನುಡಿಯುವವರ ಮಾತು ಏನಾಯಿತು? ಕಥೆಯನ್ನು ಕಥೆಯೆಂದು ಹೇಳಿದರೆ ದೋಷವಿಲ್ಲ. ಕಂಡದ್ದೆಂದು ಹೇಳಿದರೆ ಅದು ಸುಳ್ಳು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತವನ್ನು ಕಾಪಾಡುವ ಐದು ಭಾವನೆಗಳನ್ನು ಹೇಳುವಾಗ ಕ್ರೋಧ, ಲೋಭ, ಭಯಗಳ ತ್ಯಾಗದ ಜೊತೆಗೆ ಹಾಸ್ಯದ ತ್ಯಾಗವನ್ನೂ, ವಿಚಾರಿಸಿ ನುಡಿಯುವುದನ್ನೂ ಸೇರಿಸಿರುವುದು ಸ್ವಾಧ್ಯಾಯವುಳ್ಳ ಮನೆಗಳಿಗೆ ಹೊಸದಲ್ಲ. ಸಿಟ್ಟಿನಿಂದ ಸುಳ್ಳಾಡಿದವನು ಮರುದಿನ ನಾಚುತ್ತಾನೆ. ಲೋಭದಿಂದ ಸುಳ್ಳಾಡಿದವನನ್ನು ಜನ ದೂರವಿಡುತ್ತಾರೆ. ನಗಿಸಲೆಂದು ಸುಳ್ಳಾಡಿದವನನ್ನು ಮಾತ್ರ ಎಲ್ಲರೂ ಮತ್ತೆ ಮತ್ತೆ ಕರೆದು ಕೂರಿಸಿಕೊಳ್ಳುತ್ತಾರೆ. ಈ ಸುಳ್ಳು ಬೆಳೆಯುವುದು ಕೇಳುವವರ ಪ್ರೋತ್ಸಾಹದಿಂದ. ಅನರ್ಥದಂಡ ವಿರತಿಯ ಅತಿಚಾರಗಳಲ್ಲಿ ಕೌತ್ಕುಚ್ಯ ಮತ್ತು ಮೌಖರ್ಯಗಳನ್ನು ಎಣಿಸಿರುವುದೂ ಇಲ್ಲಿ ಸ್ಮರಣೀಯ. ಅಂಗಚೇಷ್ಟೆಯೊಡನೆ ಕೂಡಿದ ಪರಿಹಾಸ, ಹುರುಳಿಲ್ಲದ ಅತಿಮಾತು: ಸಹಪ್ರಯಾಣಿಕನ ನಡಿಗೆಯನ್ನೂ ಉಚ್ಚಾರವನ್ನೂ ಅಣಕಿಸಿ ತೋರಿಸುವ ಕೂಟಗಳಿಗೆ ಇದಕ್ಕಿಂತ ನಿಖರವಾದ ವಿವರಣೆ ಸಿಗಲಾರದು.

ಎರಡನೆಯದು ಅಜ್ಞಾನ. “ಈ ಹಡಗು ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸುತ್ತದೆಯೇ?” ಎಂಬ ಪ್ರಶ್ನೆಯೂ ಈ ನಗೆಯ ಪಟ್ಟಿಯಲ್ಲಿದೆ. “ಇಲ್ಲ, ದಡದಿಂದ ಉದ್ದನೆಯ ತಂತಿ ಎಳೆದಿದ್ದೇವೆ” ಎಂದು ಸಿಬ್ಬಂದಿ ಉತ್ತರಿಸಿದರೆಂದು ಕಥೆ. ವಾಸ್ತವವೇನು? ಇಂದಿನ ದೊಡ್ಡ ವಿಹಾರನೌಕೆಗಳಲ್ಲಿ ಹೆಚ್ಚಿನವುಗಳ ಎಂಜಿನುಗಳು ಜನರೇಟರುಗಳನ್ನು ತಿರುಗಿಸುತ್ತವೆ. ಆ ವಿದ್ಯುತ್ತೇ ಹಡಗನ್ನು ಮುಂದೂಡುವ ಮೋಟಾರುಗಳಿಗೂ, ದೀಪಗಳಿಗೂ, ಅಡುಗೆಮನೆಗೂ, ಹವಾನಿಯಂತ್ರಣಕ್ಕೂ ಹಂಚಿಕೆಯಾಗುತ್ತದೆ. ಹಡಗು ಬಂದರಿನಲ್ಲಿ ನಿಂತಾಗಲೂ ಒಳಗಿನ ದೀಪ ಉರಿಯಬೇಕಾದ್ದರಿಂದ ಎಂಜಿನು ನಡೆಯುತ್ತಲೇ ಇರಬೇಕು. ಆ ಹೊಗೆಯನ್ನು ಬಂದರಿನ ಊರಿನವರು ಉಸಿರಾಡಬೇಕು. ಇದಕ್ಕೆ ಪರಿಹಾರವಾಗಿ 2001ರಲ್ಲಿ ಅಲಾಸ್ಕಾದ ರಾಜಧಾನಿ ಜೂನೋ ಬಂದರಿನಲ್ಲಿ ನಿಂತ ವಿಹಾರನೌಕೆಗಳಿಗೆ ದಡದಿಂದ ವಿದ್ಯುತ್ ಕೊಡುವ ವ್ಯವಸ್ಥೆ ಆರಂಭವಾಯಿತು. ಬಳಿಕ ಬೇರೆ ಬಂದರುಗಳೂ ಅದನ್ನು ಅನುಸರಿಸಿದವು. ಹಾಸ್ಯಗಾರನ ಉದ್ದನೆಯ ತಂತಿ ನಿಜವಾಗಿಯೂ ಇದೆ! ಕೇಳಿದವನಿಗೆ ತಿಳಿಯದಿದ್ದುದು ನಕ್ಕವನಿಗೂ ತಿಳಿದಿರಲಿಲ್ಲ. ಮೊದಲನೆಯವನು ಕೇಳಿ ತಿಳಿಯಲು ಹೊರಟನು. ಎರಡನೆಯವನು ಅಷ್ಟನ್ನೂ ಮಾಡಲಿಲ್ಲ.

ಕೆಲಸಗಾರರು ಹಡಗಿನಲ್ಲಿಯೇ ಮಲಗುತ್ತಾರೆಯೇ ಎಂಬ ಪ್ರಶ್ನೆಯಂತೂ ನಗತಕ್ಕದ್ದೇ ಅಲ್ಲ. 2024ರ ಜನವರಿಯಲ್ಲಿ ಪ್ರಯಾಣಿಕರನ್ನು ಹೊತ್ತು ಹೊರಟ ‘ಐಕಾನ್ ಆಫ್ ದ ಸೀಸ್’ ಎಂಬ ಹಡಗಿನ ಉದ್ದ ಸುಮಾರು 365 ಮೀಟರ್, ಅಂತಸ್ತುಗಳು 20. ಅದರಲ್ಲಿ 7,600ರಷ್ಟು ಪ್ರಯಾಣಿಕರಿಗೆ ಸ್ಥಳವಿದೆ. ಸಿಬ್ಬಂದಿ 2,350 ಮಂದಿ. ಇಂತಹ ಹಡಗುಗಳಲ್ಲಿ ಸಾಮಾನ್ಯ ಕೆಲಸಗಾರರ ಮಲಗುವ ಕೋಣೆಗಳು ತಳದ ಅಂತಸ್ತುಗಳಲ್ಲಿರುತ್ತವೆ. ಕೆಲವು ನೀರಿನ ಮಟ್ಟಕ್ಕಿಂತಲೂ ಕೆಳಗೆ. ಅಲ್ಲಿ ಕಿಟಕಿಯಿಲ್ಲ. ಅವರು ನಡೆದಾಡುವ ಹಾದಿ ಬೇರೆ, ಮೆಟ್ಟಿಲು ಬೇರೆ, ಊಟದ ಕೋಣೆ ಬೇರೆ. ಪ್ರಯಾಣಿಕರ ಕಣ್ಣಿಗೆ ಬೀಳದಂತೆ ಅವರು ಮರೆಯಾಗಲೆಂದೇ ಹಡಗನ್ನು ಹಾಗೆ ಕಟ್ಟಲಾಗಿದೆ. ಇಷ್ಟು ಜನ ರಾತ್ರಿ ಎಲ್ಲಿಗೆ ಹೋಗುತ್ತಾರೆಂದು ಆ ಮಹಿಳೆಗೆ ತಿಳಿಯದೆ ಹೋದದ್ದು ಹಡಗು ಕಟ್ಟಿದವರ ಯಶಸ್ಸೇ ಹೊರತು ಆಕೆಯ ದಡ್ಡತನವಲ್ಲ.

ಆ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಿತ್ತು: ಅವರು ಎಷ್ಟು ಹೊತ್ತು ಮಲಗುತ್ತಾರೆ? 2006ರಲ್ಲಿ ಅಂಗೀಕೃತವಾಗಿ 2013ರಲ್ಲಿ ಜಾರಿಗೆ ಬಂದ, ಭಾರತವೂ 2015ರಲ್ಲಿ ಒಪ್ಪಿದ ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ವಿಶ್ರಾಂತಿಯ ಲೆಕ್ಕ ಹೀಗಿದೆ: ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ. ವಾರಕ್ಕೆ 168 ಗಂಟೆಗಳು. ಉಳಿಯುವ 91 ಗಂಟೆ ದುಡಿಸಿಕೊಂಡರೂ ಆ ಲೆಕ್ಕದಲ್ಲಿ ತಪ್ಪಿಲ್ಲ. ದುಡಿಯುವವರಲ್ಲಿ ಫಿಲಿಪ್ಪೀನ್ಸ್, ಇಂಡೊನೇಷ್ಯ, ಭಾರತದವರು ಬಹಳ. ಗೋವಾ, ಮುಂಬಯಿಗಳಿಂದಲೂ, ಮಂಗಳೂರು, ಉಡುಪಿಯ ಕಡೆಯಿಂದಲೂ ತಿಂಗಳುಗಟ್ಟಲೆಯ ಕರಾರಿನ ಮೇಲೆ ಮನೆ ಬಿಟ್ಟು ಹೋದ ಯುವಕರಿದ್ದಾರೆ. ಹಡಗಿನ ತಟ್ಟೆ ಎತ್ತುವ ಕೈ ನೆರೆಮನೆಯ ಮಗನದಾಗಿರಬಹುದು.

ಪ್ರಶ್ನೆಗಳೆಲ್ಲವೂ ವಿವೇಕದವೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಸಮುದ್ರದ ಅಂಚಿನಲ್ಲಿ ನಿಂತು ಸಮುದ್ರಮಟ್ಟವನ್ನು ಕೇಳುವುದು, ಕರಗಿದ ಶಿಲ್ಪದ ಗತಿಯನ್ನು ವಿಚಾರಿಸುವುದು ಅಜಾಗರೂಕತೆಯೇ ಸರಿ. ಆದರೆ ಪ್ರಶ್ನೆಯ ಮೂಢತನವನ್ನು ನಿರ್ಣಯಿಸಲು ಉತ್ತರ ತಿಳಿದಿರಬೇಕು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಮೇಲೆ ನಿಂತ 58 ಅಡಿಯ ಬಾಹುಬಲಿ ಮೂರ್ತಿಯನ್ನು ನೋಡಿ “ಇದನ್ನು ಬೆಟ್ಟದ ಮೇಲಕ್ಕೆ ಹೇಗೆ ಸಾಗಿಸಿದರು?” ಎಂದು ಯಾತ್ರಿಕನೊಬ್ಬ ಕೇಳಿದರೆ ಬಲ್ಲವರು ಮುಗುಳ್ನಗುತ್ತಾರೆ. ಬೆಟ್ಟದ ಬಂಡೆಯಲ್ಲಿಯೇ ಕಡೆದ ಮೂರ್ತಿಯನ್ನು ಸಾಗಿಸುವುದೆಲ್ಲಿ ಬಂತು? ಆದರೆ ಅದೇ ಪ್ರಶ್ನೆಯನ್ನು 1432ರಲ್ಲಿ ಸ್ಥಾಪಿತವಾದ ಕಾರ್ಕಳದ ಮೂರ್ತಿಯ ಮುಂದೆ ಕೇಳಿದರೆ ಅದು ವಿದ್ವಾಂಸರು ಕೇಳುವ ಪ್ರಶ್ನೆ. ಧರ್ಮಸ್ಥಳದಲ್ಲಿ ಕೇಳಿದರೆ, ಕಾರ್ಕಳದಲ್ಲಿ ಕೆತ್ತಿದ ಏಕಶಿಲಾಮೂರ್ತಿಯನ್ನು 1973ರಲ್ಲಿ ರಸ್ತೆಯ ಮೇಲೆ ತಂದು 1982ರಲ್ಲಿ ಪ್ರತಿಷ್ಠಾಪಿಸಿದ ಬಗೆಯನ್ನು ಕಂಡವರು ಹೆಮ್ಮೆಯಿಂದ ವಿವರಿಸುತ್ತಾರೆ. ಮಾತು ಒಂದೇ, ಒಂದೆಡೆ ಅಜ್ಞಾನವೆನಿಸಿದ್ದು ಇನ್ನೆರಡೆಡೆ ಜಿಜ್ಞಾಸೆಯಾಯಿತು. ಬೆಳಗೊಳದಲ್ಲಿ ಕೇಳಿದವನನ್ನು ನಗದೆ ಕೂರಿಸಿ ತಿಳಿಹೇಳಿದರೆ ಅವನೂ ಮೂರು ಕ್ಷೇತ್ರಗಳ ಭೇದವನ್ನು ಅರಿತು ಹೋಗುತ್ತಾನೆ.

ಮೂರನೆಯದು ಅಪಾಯ. ನಗೆಗೆ ಅಂಜಿದವನು ಪ್ರಶ್ನೆಯನ್ನೇ ಕೈಬಿಡುತ್ತಾನೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ವಿಹಾರನೌಕೆ ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದವರು 4,229 ಮಂದಿ. ನೀರು ಒಳನುಗ್ಗುತ್ತಿರುವಾಗ ಪ್ರಯಾಣಿಕರಿಗೆ ದೊರೆತ ಪ್ರಕಟಣೆ, ವಿದ್ಯುತ್ತಿನ ದೋಷವಾಗಿದೆ, ಪರಿಸ್ಥಿತಿ ಹತೋಟಿಯಲ್ಲಿದೆ ಎಂಬುದು. ಕೋಣೆಗಳಿಗೆ ಹಿಂದಿರುಗಿರೆಂದೂ ಕೆಲವರಿಗೆ ಹೇಳಲಾಯಿತು. ಹಡಗನ್ನು ತ್ಯಜಿಸುವ ಆಜ್ಞೆ ಬಂದದ್ದು ಒಂದು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ. 32 ಮಂದಿ ಸತ್ತರು. ಅಂದೇ ಸಂಜೆ ಹಡಗನ್ನೇರಿದ ನೂರಾರು ಜನರಿಗೆ ತುರ್ತು ಸಮಯದಲ್ಲಿ ಎಲ್ಲಿ ಸೇರಬೇಕೆಂಬ ತರಬೇತಿ ಇನ್ನೂ ಆಗಿರಲಿಲ್ಲ. 2015ರಲ್ಲಿ ಕಪ್ತಾನನಿಗೆ 16 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದೇ ವರ್ಷದ ಆರಂಭದಿಂದ, ಈ ತರಬೇತಿ ಹಡಗು ಹೊರಡುವ ಮುನ್ನ ಇಲ್ಲವೇ ಹೊರಟೊಡನೆ ನಡೆಯಲೇಬೇಕೆಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದಿತು. ಆ ಸಂಜೆ ಯಾರಾದರೂ “ಹಡಗು ಮುಳುಗಿದರೆ ಎತ್ತ ಓಡಬೇಕು?” ಎಂದು ಕೇಳಿದ್ದರೆ ಪಕ್ಕದವರು ಏನೆನ್ನುತ್ತಿದ್ದರು? ಅದನ್ನೂ ಮೂಢಪ್ರಶ್ನೆಗಳ ಸಾಲಿಗೆ ಸೇರಿಸಿ ಮನೆಗೆ ಒಯ್ಯುತ್ತಿದ್ದರು.

ನಿಜವಾಗಿ ನಗೆಗೀಡಾಗಬೇಕಾದ ಮಾತುಗಳು ಬೇರೆ ಇವೆ. ಅವನ್ನು ಕೇಳಿ ಯಾರೂ ನಗುವುದಿಲ್ಲ. “ಇಲ್ಲಿ ಊಟವೆಲ್ಲ ಪುಕ್ಕಟೆ” ಎನ್ನುತ್ತ ತಟ್ಟೆಯ ತುಂಬ ಬಡಿಸಿಕೊಂಡು ಅರ್ಧ ಬಿಟ್ಟೇಳುವವನ ಮಾತು ಅಂತಹುದು. “ಅವರಿಗೆ ಈ ಕೆಲಸ ರೂಢಿಯಾಗಿದೆ” ಎಂಬುದು ಇನ್ನೊಂದು. “ಸಮುದ್ರ ಇಷ್ಟು ದೊಡ್ಡದು, ಒಂದು ಹಡಗಿನ ಕೊಳೆ ಯಾವ ಲೆಕ್ಕ?” ಎಂಬುದು ಮತ್ತೊಂದು. 2013ರ ಆಗಸ್ಟಿನಲ್ಲಿ ‘ಕೆರಿಬಿಯನ್ ಪ್ರಿನ್ಸೆಸ್’ ಎಂಬ ಹಡಗಿನಿಂದ ಇಂಗ್ಲೆಂಡಿನ ಕರಾವಳಿಯಾಚೆ 4,000 ಗ್ಯಾಲನ್‌ಗೂ ಮಿಕ್ಕಿದ ಎಣ್ಣೆಮಿಶ್ರಿತ ತ್ಯಾಜ್ಯವನ್ನು ಕಳ್ಳಕೊಳವೆಯ ಮೂಲಕ ಸಮುದ್ರಕ್ಕೆ ಬಿಡಲಾಯಿತು. ಹೊಸದಾಗಿ ಸೇರಿದ್ದ ಎಂಜಿನಿಯರೊಬ್ಬರು ಅದನ್ನು ಕಂಡು, ಹಡಗು ಸೌತಾಂಪ್ಟನ್ ಬಂದರನ್ನು ತಲುಪಿದಾಗ ಕೆಲಸ ತೊರೆದು ಬ್ರಿಟಿಷ್ ಅಧಿಕಾರಿಗಳಿಗೆ ತಿಳಿಸಿದರು. ಕಂಪನಿಯು 2016ರಲ್ಲಿ ತಪ್ಪೊಪ್ಪಿ ಅಮೆರಿಕದಲ್ಲಿ 4 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. “ಈ ಕೊಳವೆ ಎಲ್ಲಿಗೆ ಹೋಗುತ್ತದೆ?” ಎಂಬುದೂ “ಈ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ?” ಎಂಬಷ್ಟೇ ಸರಳವಾದ ಪ್ರಶ್ನೆ. ಒಬ್ಬನಿಗೆ ಅದು ತೋಚಿದ್ದರಿಂದ ಸಮುದ್ರದ ಅಸಂಖ್ಯ ಜೀವಿಗಳಿಗೆ ಉಪಕಾರವಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಈ ನಗೆಹನಿಗಳನ್ನು ಹರಡಿದವರು ಹಡಗಿನ ಕೆಲಸಗಾರರೇ ಅಲ್ಲವೇ, ದಣಿದವರ ವಿನೋದವನ್ನೂ ಧರ್ಮ ನಿಷೇಧಿಸಬೇಕೇ? ದಿನವಿಡೀ ಒಂದೇ ಪ್ರಶ್ನೆಗೆ ಮುಗುಳ್ನಗುತ್ತ ಉತ್ತರಿಸಿದವನು ರಾತ್ರಿ ತನ್ನ ಕಿಟಕಿಯಿಲ್ಲದ ಕೋಣೆಯಲ್ಲಿ ಸಂಗಾತಿಯೊಡನೆ ನಕ್ಕರೆ ಅದು ಭಾರ ಇಳಿಸಿಕೊಳ್ಳುವ ನಗೆ. ಅವನಿಂದ ಸೇವೆ ಪಡೆದವನು ಅದೇ ನಗೆಯನ್ನು ಎರವಲು ತಂದು ತನ್ನ ಜಾಣ್ಮೆಯ ಪ್ರದರ್ಶನಕ್ಕೆ ಬಳಸುವುದು ಬೇರೆ. ಭಾರ ಹೊತ್ತವನಿಗಿರುವ ಸ್ವಾತಂತ್ರ್ಯ ಭಾರ ಹೊರಿಸಿದವನಿಗಿಲ್ಲ.

ಈ ವಿಷಯದಲ್ಲಿ ಶ್ರಾವಕ ಕುಟುಂಬಗಳು ಇತರರಿಗಿಂತ ಹೆಚ್ಚು ಎಚ್ಚರದಿಂದಿರಲು ಕಾರಣವಿದೆ. ಸಾರಿನಲ್ಲಿ ಈರುಳ್ಳಿ ಇದೆಯೇ, ಪಲ್ಯದಲ್ಲಿ ಆಲೂಗೆಡ್ಡೆ ಇದೆಯೇ, ಸೂರ್ಯಾಸ್ತಕ್ಕೆ ಮುನ್ನ ಊಟ ದೊರೆಯುವುದೇ ಎಂದು ಬಡಿಸುವವರನ್ನು ಮೂರು ಬಾರಿ ವಿಚಾರಿಸುವವರು ಅವರೇ. ಈ ಪ್ರಶ್ನೆಗಳ ಹಿಂದಿನ ಅಹಿಂಸೆಯನ್ನು ಅರಿಯದ ಪಕ್ಕದ ಮೇಜಿನವನಿಗೆ ಇವೂ ಮೂಢಪ್ರಶ್ನೆಗಳೇ. “ಮಣ್ಣಿನೊಳಗೆ ಬೆಳೆದದ್ದು ಬೇಡವಂತೆ” ಎಂದು ಅವನೂ ತನ್ನ ಊರಿನಲ್ಲಿ ನಗಿಸುತ್ತಿರಬಹುದು. ತಮ್ಮ ಪ್ರಶ್ನೆಗೆ ತಾಳ್ಮೆಯ ಉತ್ತರವನ್ನು ಬಯಸುವವರು ಪರರ ಪ್ರಶ್ನೆಗೆ ಅದೇ ತಾಳ್ಮೆಯನ್ನು ತೋರಬೇಕು. ಮನೆಯೊಳಗೂ ಇದು ಸಲ್ಲುತ್ತದೆ. ಮೊದಲ ಬಾರಿಗೆ ಹಡಗನ್ನೇರಿದ ಅಜ್ಜಿ “ಇಷ್ಟು ಜನಕ್ಕೆ ಸಿಹಿನೀರು ಎಲ್ಲಿಂದ?” ಎಂದರೆ ಮೊಮ್ಮಕ್ಕಳು ನಗುತ್ತಾರೆ. ಸಮುದ್ರದ ನೀರನ್ನೇ ಭಟ್ಟಿಯಿಳಿಸಿ ಅಥವಾ ಪೊರೆಯ ಮೂಲಕ ಸೋಸಿ ಉಪ್ಪು ತೆಗೆಯುತ್ತಾರೆಂದು ಆ ಮಕ್ಕಳಲ್ಲಿ ಎಷ್ಟು ಮಂದಿ ಹೇಳಬಲ್ಲರು? ನೀರನ್ನು ಜೀವನವಿಡೀ ಸೋಸಿ ಕುಡಿದ ಅಜ್ಜಿಗೆ ಆ ಪ್ರಶ್ನೆ ತೋಚುವುದು ಸಹಜ. ತೋಚದಿರುವುದೇ ಮೊಮ್ಮಕ್ಕಳ ಕೊರತೆ.

ಬಸದಿಗಳ ಟ್ರಸ್ಟುಗಳು ತೀರ್ಥಯಾತ್ರೆಗಳನ್ನೂ ಪ್ರವಾಸಗಳನ್ನೂ ಏರ್ಪಡಿಸುವಾಗ ಸಾಮಾನು, ಟಿಕೇಟು, ಊಟದ ಸೂಚನೆಗಳನ್ನು ಅಚ್ಚು ಹಾಕಿ ಹಂಚುವುದುಂಟು. ಅದರ ಜೊತೆಗೆ ಒಂದು ಸಂಜೆ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿ, ಕೇಳಲು ಸಂಕೋಚಪಡುವ ಪ್ರಶ್ನೆಗಳನ್ನೆಲ್ಲ ಕೇಳಿಸಿ ಉತ್ತರಿಸುವ ಪದ್ಧತಿಯನ್ನು ಆರಂಭಿಸಬೇಕು. ತುರ್ತು ಬಾಗಿಲು ಎಲ್ಲಿ, ಉಳಿದ ಅನ್ನ ಏನಾಗುತ್ತದೆ, ಬಡಿಸುವವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂಬ ಪ್ರಶ್ನೆಗಳೂ ಅಲ್ಲಿ ಬರಲಿ. ಅಂದು ಯಾರೂ ನಗಬಾರದೆಂಬುದೊಂದೇ ನಿಯಮವಿರಲಿ. ಪ್ರವಾಸದಿಂದ ಮರಳಿದವರನ್ನು ಇನ್ನು ಮುಂದೆ “ಯಾರು ಏನು ಪೆದ್ದು ಮಾತಾಡಿದರು?” ಎನ್ನುವ ಬದಲು “ನೀವು ಏನು ಕೇಳಿ ತಿಳಿದಿರಿ?” ಎಂದು ವಿಚಾರಿಸಲಿ. ಉತ್ತರವಿಲ್ಲದೆ ಸುಮ್ಮನಾಗುವವರು ಯಾರೆಂಬುದು ಆಗ ತಾನಾಗಿ ಗೊತ್ತಾಗುತ್ತದೆ.