ವೇತನ ಔದಾರ್ಯವಲ್ಲ, ಋಣ

2025ರ ನವೆಂಬರ್ 21ರಂದು ದೇಶದ ಕಾರ್ಮಿಕ ಕಾನೂನಿನ ಸ್ವರೂಪವೇ ಬದಲಾಯಿತು. 29 ಹಳೆಯ ಕಾಯ್ದೆಗಳ ಸ್ಥಾನದಲ್ಲಿ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ಸರಕಾರ ಇದನ್ನು ಸರಳೀಕರಣವೆಂದು ಬಣ್ಣಿಸಿತು. ಕಾರ್ಮಿಕ ಸಂಘಟನೆಗಳು ಹಕ್ಕುಗಳಿಗೆ ಬಿದ್ದ ಕೊಡಲಿಯೇಟೆಂದು ಬೀದಿಗಿಳಿದವು. ಅವರ ಆತಂಕ ನಿರಾಧಾರವಲ್ಲ. ಕೆಲಸಗಾರರನ್ನು ಕೈಬಿಡಲು ಸರಕಾರದ ಅನುಮತಿ ಪಡೆಯಬೇಕೆಂಬ ನಿಯಮ ಹಿಂದೆ 100 ಕಾರ್ಮಿಕರಿರುವ ಕಾರ್ಖಾನೆಗೂ ಇತ್ತು. ಈಗ ಅದು 300 ಮಂದಿ ಇರುವಲ್ಲಿಗೆ ಸೀಮಿತಗೊಂಡಿದೆ. ಆ ಚರ್ಚೆ ನಡೆಯಲಿ. ಆದರೆ ನಮ್ಮ ಪಟ್ಟಣಗಳ ಬೇಕರಿ, ಹೋಟೆಲು, ಬಟ್ಟೆಯಂಗಡಿ, ಗ್ಯಾರೇಜುಗಳ ಮಾಲಕರು ಇದೆಲ್ಲ ದೊಡ್ಡ ಕಾರ್ಖಾನೆಗಳ ವಿಷಯವೆಂದು ಸುಮ್ಮನಿರುವಂತಿಲ್ಲ.

1948ರ ಕನಿಷ್ಠ ವೇತನ ಕಾಯ್ದೆ ಪಟ್ಟಿಯಲ್ಲಿ ಸೇರಿದ ಉದ್ಯೋಗಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಹೊಸ ವೇತನ ಸಂಹಿತೆಯಲ್ಲಿ ಆ ಪಟ್ಟಿಯೇ ಇಲ್ಲ. ಕನಿಷ್ಠ ವೇತನ ಎಲ್ಲ ನೌಕರರ ಹಕ್ಕು. ತಿಂಗಳ ಸಂಬಳವನ್ನು ಮರುತಿಂಗಳ ಏಳನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟವನ ಅಥವಾ ಬಿಡಿಸಲ್ಪಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ. ಮುಂಗಡ ಮುಂತಾದ ಎಲ್ಲ ಕಡಿತಗಳು ಸೇರಿ ವೇತನದ ಅರ್ಧವನ್ನು ಮೀರಬಾರದು. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಕೂಲಿ ಎಂಬುದೂ ಸಲ್ಲದು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ತನಗೆ ಕೂಲಿ ಕಡಿಮೆ ಸಂದಿದೆಯೆಂದು ನೌಕರ ದೂರಿತ್ತರೆ, ಪೂರ್ತಿ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲಕನದು. ದೂರು ಕೊಡಲು ಮೂರು ವರ್ಷಗಳ ಅವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದು. ಲೆಕ್ಕವೇ ಇಲ್ಲದ ಮಾಲಕ ಏನನ್ನು ತೋರಿಸುತ್ತಾನೆ?

ನಮ್ಮಲ್ಲಿ ದುಡಿಮೆಯ ಸಂಬಂಧ ಹೆಚ್ಚಾಗಿ ಬಾಯಿಮಾತಿನದು. ಹುಡುಗನನ್ನು ಯಾರೋ ಬಂಧುಗಳು ಕರೆತಂದು ಬಿಡುತ್ತಾರೆ. ಊಟ, ವಸತಿ ಅಲ್ಲೇ ಆಗುತ್ತದೆ. ತಂಗಿಯ ಮದುವೆಗೆ ಮುಂಗಡ ಸಿಗುತ್ತದೆ. ‘ಅವನು ನಮ್ಮ ಮನೆಯವನಂತೆ’ ಎಂದು ಮಾಲಕ ಹೆಮ್ಮೆಯಿಂದ ಹೇಳುತ್ತಾನೆ. ಈ ಮಮತೆ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದೇ ಹುಡುಗ ಸಂಬಳ ಹೆಚ್ಚಿಸಲು ಕೇಳಿದ ದಿನ ಮನೆಯವನಾಗಿ ಉಳಿಯುತ್ತಾನೆಯೇ? ಮುಂಗಡದ ಲೆಕ್ಕ ಮಾಲಕನ ನೆನಪಿನಲ್ಲಿ ಮಾತ್ರ ಇರುವಾಗ, ತೀರಿತೆಂದು ಹೇಳುವವರು ಯಾರು?

ರಮಝಾನಿನಲ್ಲಿ ಧಾರಾಳವಾಗಿ ಝಕಾತ್ ಹಂಚುವ, ಈದ್‌ಗೆ ಕೆಲಸದವರಿಗೆ ಹೊಸ ಬಟ್ಟೆ ಕೊಡುವ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಅದು ಸತ್ಕಾರ್ಯವೇ. ಆದರೆ ದಾನದಿಂದ ಋಣ ತೀರುವುದಿಲ್ಲ. ಕೂಲಿ ಕೆಲಸಗಾರನಿಗೆ ನಾವು ತೀರಿಸಬೇಕಾದ ಋಣ. ಅದನ್ನು ತಡಮಾಡಬಾರದೆಂಬ ಪ್ರವಾದಿಯವರ(ಸ) ಆದೇಶ ನಮ್ಮ ಮಕ್ಕಳಿಗೂ ಗೊತ್ತು.

ವ್ಯಕ್ತಿಗಳಷ್ಟೇ ಅಲ್ಲ, ಸಂಸ್ಥೆಗಳೂ ಇಲ್ಲಿ ಉತ್ತರಿಸಬೇಕಾಗಿದೆ. ಶಿಕ್ಷಕರು ಗ್ರಾಚ್ಯುಯಿಟಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ, 1997ರ ಎಪ್ರಿಲ್ 3ರಿಂದ ಪೂರ್ವಾನ್ವಯಗೊಳಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಹಳೆಯ ತೀರ್ಪನ್ನೇ ನೆಚ್ಚಿ ಕುಳಿತಿದ್ದ ಆಡಳಿತ ಮಂಡಳಿಗಳ ಮೇಲೆ ಹಲವು ವರ್ಷಗಳ ಬಾಕಿ ಒಮ್ಮೆಗೇ ಬಂದೆರಗಿತು. ಕಾನೂನಿನ ಬದಲಾವಣೆಯನ್ನು ಗಮನಿಸದಿರುವುದರ ಬೆಲೆ ಇದು. ನಮ್ಮ ಟ್ರಸ್ಟ್‌ಗಳು ನಡೆಸುವ ಶಾಲೆಗಳಲ್ಲಿ ಹತ್ತಾರು ವರ್ಷ ದುಡಿದು ನಿವೃತ್ತರಾದ ಶಿಕ್ಷಕಿಯರಿಗೆ ಶಾಲು, ಫಲಕಗಳೊಂದಿಗೆ ನ್ಯಾಯಬದ್ಧ ಹಣವೂ ಸಂದಿದೆಯೇ?

ಸಣ್ಣ ಮಾಲಕರ ಕಷ್ಟವನ್ನೂ ನಾವು ಬಲ್ಲೆವು. ರಾಜ್ಯದಲ್ಲಿ ತುಟ್ಟಿಭತ್ಯೆ ಪ್ರತಿವರ್ಷ ಎಪ್ರಿಲ್ 1ರಂದು ಬದಲಾಗುತ್ತದೆ. ಕೇಂದ್ರದ ಸಂಹಿತೆಗಳ ಜೊತೆಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನೂ ಪಾಲಿಸಬೇಕು. ಇವನ್ನು ಸರಳ ಕನ್ನಡದಲ್ಲಿ ಅಂಗಡಿಯ ಬಾಗಿಲಿಗೆ ಮುಟ್ಟಿಸುವುದು ಸರಕಾರದ ಹೊಣೆ. ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ನಮ್ಮ ವ್ಯಾಪಾರಿಗಳು ಕೆಲವೇ ತಿಂಗಳುಗಳಲ್ಲಿ ಅದನ್ನು ಕಲಿತುಕೊಂಡರು. ತೆರಿಗೆಯ ದರ ಬದಲಾದರೆ ಮರುದಿನವೇ ಲೆಕ್ಕಪರಿಶೋಧಕರಲ್ಲಿ ವಿಚಾರಿಸುವವರಿಗೆ ಕೂಲಿಯ ದರವನ್ನು ವಿಚಾರಿಸುವುದು ಅಸಾಧ್ಯವೇ?

ಮಾಡಬೇಕಾದುದು ಬಹಳವಿಲ್ಲ. ಹಾಜರಿಗೊಂದು, ಸಂಬಳಕ್ಕೊಂದು, ಮುಂಗಡಕ್ಕೊಂದು ಪುಸ್ತಕವಿರಲಿ. ಪ್ರತಿ ತಿಂಗಳು ವೇತನ ಚೀಟಿ ಕೈಗಿಡಬೇಕು. ಹಣ ಬ್ಯಾಂಕ್ ಖಾತೆಗೆ ಹೋದರೆ ಇಬ್ಬರಿಗೂ ಸಾಕ್ಷಿ ಉಳಿಯುತ್ತದೆ. ಇಫ್ತಾರ್ ಕೂಟಗಳನ್ನು ಏರ್ಪಡಿಸುವ ಜಮಾಅತ್‌ಗಳೂ ವರ್ತಕರ ಸಂಘಗಳೂ ಪ್ರತಿ ಎಪ್ರಿಲ್‌ನಲ್ಲಿ ಕಾನೂನು ಬಲ್ಲವರೊಬ್ಬರನ್ನು ಕರೆಸಿ, ಮಾಲಕರನ್ನೂ ಕೆಲಸಗಾರರನ್ನೂ ಒಟ್ಟಿಗೆ ಕೂರಿಸಿ ಹೊಸ ದರಗಳನ್ನು ತಿಳಿಸಲಿ. ಮಾಲಕರು ಅಷ್ಟಕ್ಕೂ ಮೊದಲು, ತಮ್ಮಲ್ಲಿ ದುಡಿಯುವವರ ಬಾಕಿ ಎಷ್ಟಿದೆಯೆಂದು ಈ ತಿಂಗಳೇ ಕುಳಿತು ಲೆಕ್ಕ ಹಾಕಲಿ.